ಕುನ್ಮಿಂಗಿನ ಗುಳಿಗೆ, ನಮ್ಮಮ್ಮನ ಪಥ್ಯ

ಹೊರಡುವ ಮುಂಚೆ

ಚೀನಾಕ್ಕೆ ಹೋಗಿಬಂದವರು ಆಕಾಶ ಮುಟ್ಟುವ ಕಟ್ಟಡಗಳಿಂದಲೋ ಸದ್ದಿಲ್ಲದೆ ಓಡುವ ರೈಲಿನಿಂದಲೋ ಮಾತು ಶುರು ಮಾಡುತ್ತಾರೆ. ನನ್ನನ್ನು ಕೇಳಿದರೆ ನನಗೆ ಮೊದಲು ನೆನಪಾಗುವುದು ನಮ್ಮ ಯಜಮಾನರ ಎದೆ. ಅಲ್ಲಿದ್ದಷ್ಟು ದಿನವೂ ನಾನು ನೋಡಿದ್ದು ಅದನ್ನೇ. ಅವರು ಬಸ್ಸಿನ ಕಿಟಕಿಯಿಂದ ಗುಡ್ಡ ನೋಡುತ್ತಿದ್ದರೆ, ನಾನು ಅವರ ಅಂಗಿಯ ಎರಡನೇ ಗುಂಡಿ ಏರಿಳಿಯುವುದನ್ನು ನೋಡುತ್ತಿದ್ದೆ.

ನಮ್ಮದು ತಮಿಳುನಾಡಿನ ಗಡಿಯಲ್ಲಿ, ಹೊಸೂರಿನ ಕಡೆ, ತಳಿ ಎಂಬ ಊರು ದಾಟಿ ಒಳಗೆ ಸಿಗುವ ಒಂದು ಹಳ್ಳಿ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುತ್ತೇವೆ. ನಮಗೆ ಸಸಿ ಮಾರುವ ಕಂಪನಿಯವರು ತಳಿ, ಬೇರಿಗೆ, ಸೂಳಗಿರಿ ಕಡೆಯ ಹನ್ನೆರಡು ಮಂದಿ ಬೆಳೆಗಾರರನ್ನು ಆರಿಸಿ, ಹೂವಿನ ಊರು ಎಂದೇ ಹೆಸರಾದ ಕುನ್ಮಿಂಗಿಗೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಆ ಹನ್ನೆರಡರಲ್ಲಿ ನನ್ನ ಹೆಸರೂ ನಮ್ಮ ಯಜಮಾನರ ಹೆಸರೂ ಇತ್ತು. ಊರಿನವರಿಗೆಲ್ಲ ಅವರು ರಾಜಪ್ಪನವರು. ಮದುವೆಯಾಗಿ ಮೂವತ್ತಾರು ವರ್ಷವಾದರೂ ಆ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ಈಗ ಬರೆಯುವಾಗಲೂ ಕೈ ತಡೆಯಿತು.

ಎರಡು ವರ್ಷದ ಹಿಂದೆ, ಗೊಬ್ಬರದ ಮೂಟೆ ಎತ್ತುವಾಗ ಅವರಿಗೆ ಎದೆ ಹಿಡಿದುಕೊಂಡಿತ್ತು. ಬೆಂಗಳೂರಿನಲ್ಲಿ ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಇನ್ನೊಂದು ಸಣ್ಣ ನಾಳ ಕಿರಿದಾಗಿದೆ, ಅದನ್ನು ಮಾತ್ರೆಯಲ್ಲೇ ನೋಡಿಕೊಳ್ಳೋಣ ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಮೂರು ಮಾತ್ರೆ, ಸಂಜೆ ಎರಡು. ಎದೆ ಹಿಡಿದರೆ ನಾಲಿಗೆಯ ಕೆಳಗೆ ಇಡುವ ಪುಟ್ಟ ಮಾತ್ರೆ ಬೇರೆ. ಎಲ್ಲದರ ಉಸ್ತುವಾರಿ ನನ್ನದು. ನಾನು ಅಂಗೈಯಲ್ಲಿ ಇಟ್ಟದ್ದನ್ನು ಅವರು ಪೇಪರಿನಿಂದ ಕಣ್ಣೆತ್ತದೆ ನುಂಗುತ್ತಿದ್ದರು.

"ಈ ಎದೆ ಇಟ್ಕೊಂಡು ಚೀನಾಕ್ಕೆ ಓಗ್ಬೇಕಾ?" ಎಂದೆ.

"ಎದೆ ಮನೇಲಿಟ್ಟು ಓಗಕ್ಕಾಯ್ತದಾ?" ಎಂದರು. ಅವರು ಮಾತಾಡುವುದೇ ಅಪರೂಪ. ಆಡಿದರೆ ಹೀಗೆ.

ಹೊಸೂರಿನ ಡಾಕ್ಟರು ಹೋಗಿಬನ್ನಿ ಎಂದರು. ಆದರೆ ಆ ಊರು ನಮ್ಮದಕ್ಕಿಂತ ತುಂಬ ಎತ್ತರದಲ್ಲಿದೆ, ಅವಸರ ಮಾಡಬೇಡಿ, ಮಾತ್ರೆ ಒಂದು ದಿನವೂ ತಪ್ಪಿಸಬೇಡಿ ಎಂದು ನನ್ನ ಮುಖ ನೋಡಿ ಹೇಳಿದರು. ಅವರು ನನ್ನ ಮುಖವನ್ನೇ ಯಾಕೆ ನೋಡಿದರೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕುನ್ಮಿಂಗ್

ವಿಮಾನ ನಿಲ್ದಾಣಕ್ಕೆ ನಮ್ಮನ್ನು ಎದುರುಗೊಳ್ಳಲು ಬಂದ ಹುಡುಗಿ ಕೈಮುಗಿದು "ವಣಕ್ಕಂ" ಎಂದಾಗ ಹನ್ನೆರಡು ಜನವೂ ಹಿಂತಿರುಗಿ ನೋಡಿದೆವು, ಯಾವ ತಮಿಳರು ಬಂದರು ಎಂದು. ಹೇಳಿದ್ದು ಅವಳೇ. ಕಾಲೇಜಿನಲ್ಲಿ ನಾಲ್ಕು ವರ್ಷ ತಮಿಳು ಓದಿದವಳಂತೆ. ಚೀನೀ ಹೆಸರು ಬೇರೆ ಇದೆ, ತಮಿಳು ಮೇಷ್ಟ್ರು ಇಟ್ಟ ಹೆಸರು ಪೂಂಗೊಡಿ. ಅವಳ ತಮಿಳು ರೇಡಿಯೋ ವಾರ್ತೆಯವರ ಹಾಗೆ ಇಸ್ತ್ರಿ ಹಾಕಿದಂತಿತ್ತು. ಹೊಸೂರು ಸಂತೆಯ ತಮಿಳು ಕಲಿತ ನಾವು ಅವಳ ಮುಂದೆ ಬಾಯಿ ಬಿಡಲು ನಾಚಿಕೊಂಡೆವು.

"ಅಕ್ಕಾ, ಈ ಪಾಪ ನಮ್ಗಿಂತ ಚೆಂದಾಗಿ ಮಾತಾಡ್ತದಲ್ಲಮ್ಮಾ," ಎಂದ ವೆಂಕಟೇಶಪ್ಪ. ಬೇರಿಗೆಯವನು, ಮನೆಮಾತು ತೆಲುಗು, ನನ್ನನ್ನು ಅಕ್ಕಾ ಎಂದೂ ನಮ್ಮವರನ್ನು ಬಾವ ಎಂದೂ ಕರೆಯುತ್ತಾನೆ. ಪ್ರವಾಸದುದ್ದಕ್ಕೂ ನಗಿಸುವ ಕೆಲಸ ಅವನೇ ವಹಿಸಿಕೊಂಡ.

ಆ ಊರಿನವರು ಬಿಸಿನೀರು ಬಿಟ್ಟು ಬೇರೆ ಕುಡಿಯುವುದಿಲ್ಲ. ಬಸ್ ಡ್ರೈವರನ ಪಕ್ಕ ಫ್ಲಾಸ್ಕು, ಪೊಲೀಸಿನವನ ಕೈಯಲ್ಲಿ ಫ್ಲಾಸ್ಕು. ಹೋಟೆಲಿನಲ್ಲಿ ಕೂತ ತಕ್ಷಣ ಲೋಟದ ತುಂಬ ಹೊಗೆಯಾಡುವ ನೀರು. ಅದು ನನಗೆ ಹಿಡಿಸಿತು. ಹಿಡಿಸದಿದ್ದದ್ದು ಗುಲಾಬಿ ದಳ ತುಂಬಿದ ಒಂದು ಸಿಹಿ ಬಿಲ್ಲೆ. ಅಲ್ಲಿ ತಿನ್ನುವುದಕ್ಕೆಂದೇ ಬೇರೆ ಗುಲಾಬಿ ಬೆಳೆಯುತ್ತಾರಂತೆ. ನಾವು ಹನ್ನೆರಡು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಗುಲಾಬಿಗೆ ನಾವು ಹೊಡೆಯುವ ಔಷಧಿಗಳ ಪಟ್ಟಿ ನಮಗೆ ಗೊತ್ತು.

ಆದರೆ ಇದೆಲ್ಲ ನೋಡುತ್ತಿದ್ದುದು ನನ್ನ ಒಂದು ಕಣ್ಣು. ಇನ್ನೊಂದು ಕಣ್ಣು ಎದೆಯ ಮೇಲೆಯೇ ಇತ್ತು. ಹೋಟೆಲಿನ ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಅವರು ನಿಂತು ಉಸಿರು ಎಳೆದುಕೊಂಡರು. ಮಗಳಿಗೆ ಫೋನು ಮಾಡೋಣವೆಂದರೆ ನಮ್ಮ ವಾಟ್ಸಾಪು ಆ ದೇಶದಲ್ಲಿ ಸತ್ತು ಬಿದ್ದಿತ್ತು. ಇವರಿಗೆ ಏನಾದರೂ ಆದರೆ ಯಾರಿಗೆ ಹೇಳುವುದು, ಯಾವ ಭಾಷೆಯಲ್ಲಿ ಕೂಗಿಕೊಳ್ಳುವುದು ಎಂಬ ಯೋಚನೆ ಹತ್ತಿತು.

ಅಜ್ಜಿಯ ಗುಲಾಬಿ ತೋಟ

ಎರಡನೆಯ ದಿನ ಊರ ಹೊರಗಿನ ಒಂದು ತೋಟಕ್ಕೆ ಹೋದೆವು. ತೋಟದ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ಮೊಣಕೈವರೆಗೆ ಬಟ್ಟೆಯ ತೋಳು, ಸೊಂಟಕ್ಕೆ ದೊಡ್ಡ ಜೇಬಿನ ಏಪ್ರನ್. ಪಾಲಿಹೌಸಿನೊಳಗೆ ಸಾಲಿನಿಂದ ಸಾಲಿಗೆ ಅವಳು ಓಡುವ ಚುರುಕಿಗೆ ನಾವೇ ಹಿಂದೆ ಬಿದ್ದೆವು. ತೋಟ ಗುಡ್ಡದ ಮೈಮೇಲಿತ್ತು, ಮೇಲಿನ ಪಾಲಿಹೌಸಿಗೆ ಏರಬೇಕಿತ್ತು.

ಅರ್ಧ ಏರಿದಾಗ ಹಿಂದೆ ಹೆಜ್ಜೆ ಸದ್ದು ನಿಂತಿತು. ತಿರುಗಿದೆ. ಅವರು ಕಬ್ಬಿಣದ ಕಂಬ ಹಿಡಿದು ನಿಂತಿದ್ದರು. ಮುಖ ಬೂದಿಯಾಗಿತ್ತು, ಹಣೆಯಲ್ಲಿ ಬೆವರು.

"ಏನ್ರೀ?"

"ಹಿಡ್ಕೊಂಡದೆ."

ನಾಲಿಗೆ ಕೆಳಗಿಡುವ ಮಾತ್ರೆ ನನ್ನ ಕೈಚೀಲದಲ್ಲಿತ್ತು. ಕೈಚೀಲ ಬಸ್ಸಿನಲ್ಲಿತ್ತು. ಬಸ್ಸು ಗೇಟಿನ ಆಚೆ ಎಲ್ಲೋ. ಭಾರ ಯಾಕೆ ಎಂದು ಹತ್ತು ನಿಮಿಷದ ಹಿಂದೆ ನಾನೇ ಸೀಟಿನ ಮೇಲಿಟ್ಟು ಬಂದಿದ್ದೆ. "ವೆಂಕ್ಟೇಶಾ, ಬಸ್ಸು, ನನ್ ಬ್ಯಾಗು!" ಎಂದು ಕಿರುಚಿದೆ. ಅವನು ಇಳಿಜಾರಿನಲ್ಲಿ ಬಿದ್ದು ಎದ್ದು ಓಡಿದ.

ಅಷ್ಟರಲ್ಲಿ ಅಜ್ಜಿ ಅವರನ್ನು ಒಂದು ಮರದ ಪೆಟ್ಟಿಗೆಯ ಮೇಲೆ ಕೂರಿಸಿ, ಏಪ್ರನ್ ಜೇಬಿನಿಂದ ಸೋರೆಬುರುಡೆ ಆಕಾರದ ಒಂದು ಪುಟ್ಟ ಸೀಸೆ ತೆಗೆದಳು. ಅಂಗೈಗೆ ಸುರಿದರೆ ಕಂದು ಬಣ್ಣದ ಕಾಳುಗಳು, ಸಾಸಿವೆಗಿಂತ ತುಸು ದಪ್ಪ. ಹತ್ತೋ ಹನ್ನೆರಡೋ ಎಣಿಸಿ ಅವರ ನಾಲಿಗೆಯ ಕೆಳಗೆ ತಾನೇ ಇಟ್ಟಳು. ದೇವಸ್ಥಾನದ ತೀರ್ಥದಲ್ಲಿ ಬರುವ ಪಚ್ಚಕರ್ಪೂರದ ವಾಸನೆ ನನ್ನ ಮೂಗಿಗೂ ಬಡಿಯಿತು. ಅವಳು ತನ್ನ ಎದೆ ತಟ್ಟಿಕೊಂಡು, ಕಣ್ಣು ಮುಚ್ಚಿ, ತಲೆಯಾಡಿಸಿ ತೋರಿಸಿದಳು. ತನಗೂ ಇದೇ ಕಾಯಿಲೆ, ತಾನೂ ಇದನ್ನೇ ತಿನ್ನುವುದು ಎಂದು.

ಸ್ವಲ್ಪ ಹೊತ್ತಿಗೆ ಅವರ ಮುಖಕ್ಕೆ ಬಣ್ಣ ಬಂತು. "ಬಿಡ್ತು," ಎಂದರು. ವೆಂಕಟೇಶಪ್ಪ ಬ್ಯಾಗು ಹಿಡಿದು ಏದುಸಿರು ಬಿಡುತ್ತ ಬಂದಾಗ ಅವರು ಅಜ್ಜಿ ಕೊಟ್ಟ ಬಿಸಿನೀರು ಕುಡಿಯುತ್ತಿದ್ದರು.

ನಾನು ಅಜ್ಜಿಯ ಕಾಲು ಮುಟ್ಟಲು ಹೋದೆ. ಅವಳು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು.

ಔಷಧಿ ಅಂಗಡಿ

ಆ ರಾತ್ರಿ ನಾನು ಮಲಗಲಿಲ್ಲ, ಮರುರಾತ್ರಿಯೂ ಇಲ್ಲ. ಅವರ ಉಸಿರು ಸ್ವಲ್ಪ ನಿಧಾನವಾದರೂ ಎಬ್ಬಿಸುತ್ತಿದ್ದೆ. ದಿನಾ ತಪ್ಪದೆ ಮಾತ್ರೆ ತಿನ್ನಿಸಿಯೂ ಹಿಡಿದುಕೊಂಡಿತು, ಆ ಕಾಳು ಇಟ್ಟ ಕೂಡಲೇ ಬಿಟ್ಟಿತು. ಇದು ನನ್ನ ತಲೆಯಲ್ಲಿ ಗಾಣದೆತ್ತಿನ ಹಾಗೆ ಸುತ್ತಿತು. ಕೂತದ್ದರಿಂದಲೂ ನೋವು ಬಿಟ್ಟಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಹೆದರಿದವಳ ತಲೆಗೆ ಅಷ್ಟು ದೂರ ಹೋಗಲಾಗುವುದಿಲ್ಲ.

ಮೂರನೆಯ ದಿನ ಸಂಜೆ ಪೂಂಗೊಡಿ ಮನೆಗೆ ಹೋದ ಮೇಲೆ, ವೆಂಕಟೇಶಪ್ಪನನ್ನು ಕರೆದುಕೊಂಡು ಹೋಟೆಲಿನ ಎದುರಿನ ಔಷಧಿ ಅಂಗಡಿಗೆ ಹೋದೆ. ಒಂದು ಕಡೆ ನಮ್ಮ ಮೆಡಿಕಲ್ ಶಾಪಿನ ಹಾಗೆ ಡಬ್ಬಿಗಳು. ಇನ್ನೊಂದು ಕಡೆ ಗೋಡೆ ತುಂಬ ಮರದ ಸಣ್ಣ ಸಣ್ಣ ಖಾನೆ, ಒಳಗೆ ಬೇರು, ತೊಗಟೆ, ಒಣಗಿದ ಹೂವು. ಆ ವಾಸನೆಗೆ ಕೃಷ್ಣಗಿರಿಯ ನಾಟಿ ಮದ್ದಿನ ಅಂಗಡಿ ಕಣ್ಮುಂದೆ ಬಂದು, ನನಗೆ ಮೊದಲ ಸಲ ಆ ಊರಿನಲ್ಲಿ ಧೈರ್ಯ ಬಂತು. ಮೊಬೈಲಿನಲ್ಲಿ ತೆಗೆದಿದ್ದ ಅಜ್ಜಿಯ ಸೀಸೆಯ ಫೋಟೋ ತೋರಿಸಿದೆ. ಅಂಗಡಿಯವಳು ಅದೇ ಸೀಸೆ ಕೊಟ್ಟಳು. ಏನೋ ಕೇಳಿದಳು. ನಾನು ಎದೆ ತಟ್ಟಿ ತೋರಿಸಿದೆ. ಅವಳು ತಲೆಯಾಡಿಸಿದಳು. ಅಲ್ಲಿಗೆ ವೈದ್ಯ ಮುಗಿಯಿತು.

"ನಮ್ ಬಾಮೈದ್ನಿಗೂ ಎದೆನೋವು," ಎಂದು ವೆಂಕಟೇಶಪ್ಪ ಒಂದು ಚೀಲದ ತುಂಬ ತೆಗೆದುಕೊಂಡ.

ಈಗ ನನ್ನ ಅಮ್ಮನ ವಿಷಯ ಹೇಳಬೇಕು. ಸೂಳಗಿರಿ ಹತ್ತಿರದ ನನ್ನ ತವರಿನಲ್ಲಿ ಅಮ್ಮ ಕಾಮಾಲೆಗೆ ಮದ್ದು ಕೊಡುತ್ತಿದ್ದಳು. ಸೊಪ್ಪು ಅರೆದು, ಮಜ್ಜಿಗೆಯಲ್ಲಿ ಕಲಸಿ, ಬೆಳ್ಳಂಬೆಳಿಗ್ಗೆ ಬಾಗಿಲಲ್ಲಿ ಸಾಲಾಗಿ ಕೂತವರಿಗೆ ಕುಡಿಸುತ್ತಿದ್ದಳು. ಮದ್ದಿಗಿಂತ ದೊಡ್ಡದು ಅವಳ ಪಥ್ಯ. ಹುಳಿ ಇಲ್ಲ, ಬದನೆಕಾಯಿ ಇಲ್ಲ, ಬಾಡು ಇಲ್ಲ, ಎಣ್ಣೆ ಇಲ್ಲ. ಎಲ್ಲಕ್ಕಿಂತ ಮುಖ್ಯ, "ನನ್ ಮದ್ದು ವಟ್ಟೇಲಿರೋ ತಂಕ ಇಂಗ್ಲಿಷ್ ಮಾತ್ರೆ ಮುಟ್ಟಂಗಿಲ್ಲ. ಮುಟ್ಟೋದಾದ್ರೆ ಈಗ್ಲೇ ಎದ್ದೋಗಿ." ಯಾರಾದರೂ ವಾಸಿಯಾಗದೆ ವಾಪಸು ಬಂದರೆ ಅವಳು ಮದ್ದನ್ನು ಅನುಮಾನಿಸಿದ್ದನ್ನು ನಾನು ನೋಡಿಯೇ ಇಲ್ಲ. ಪಥ್ಯ ಕೆಟ್ಟಿರಬೇಕು ಎನ್ನುತ್ತಿದ್ದಳು. ನಮ್ಮ ಕಡೆ ಇವತ್ತಿಗೂ ನಾಟಿ ಮದ್ದು ಹಿಡಿದವರು ಮಾಡುವ ಮೊದಲ ಕೆಲಸ ಡಾಕ್ಟರ ಮಾತ್ರೆಯನ್ನು ಅಟ್ಟಕ್ಕೆಸೆಯುವುದು.

ನಾನು ಅಮ್ಮನ ಮಗಳು. ನಾಲ್ಕನೆಯ ದಿನ ಬೆಳಿಗ್ಗೆ ಅವರ ಮೂರು ಮಾತ್ರೆಗಳನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ಬೆಂಗಳೂರಿನ ಡಾಕ್ಟರು ಗೆರೆ ಎಳೆದರೆ ಅದನ್ನು ದಾಟದ ಮನುಷ್ಯ. ಆದ್ದರಿಂದ ನನ್ನ ಕ್ಯಾಲ್ಸಿಯಂ ಮಾತ್ರೆ ಒಂದು, ವಿಟಮಿನ್ ಒಂದು, ಗ್ಯಾಸ್ಟ್ರಿಕ್ ಮಾತ್ರೆ ಒಂದು ಸೇರಿಸಿ ಅವರ ಅಂಗೈಯಲ್ಲಿಟ್ಟೆ. ನುಂಗಿದರು. ಆಮೇಲೆ "ಅಜ್ಜಿ ಕೊಟ್ಳಲ್ಲ, ಅದು, ಬಾಯಿ ತಗೀರಿ," ಎಂದು ಹತ್ತು ಕಾಳು ಎಣಿಸಿ ಇಟ್ಟೆ. ಅದಕ್ಕೂ ಬಾಯಿ ತೆರೆದರು. ಸಂಜೆಯ ಎರಡಕ್ಕೂ ಇದೇ ಆಟ.

ಎರಡು ದಿನ ಪಥ್ಯ ನಡೆಯಿತು. ಕೋಳಿ ಬಂದರೆ ತಟ್ಟೆ ತಳ್ಳಿದೆ, ಬದನೆಕಾಯಿ ಬಂದರೆ ಎತ್ತಿ ವೆಂಕಟೇಶಪ್ಪನ ಬಟ್ಟಲಿಗೆ ಹಾಕಿದೆ, ಮನೆಯಿಂದ ತಂದ ಮಾವಿನ ಉಪ್ಪಿನಕಾಯಿ ಬಚ್ಚಿಟ್ಟೆ. ಅವರಿಗೆ ನೋವು ಬರಲಿಲ್ಲ. ಅವರನ್ನು ಎಲ್ಲಿಯೂ ಹತ್ತಲು ಬಿಡದೆ ಬಸ್ಸಿನಲ್ಲೇ ಕೂರಿಸಿದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮದ್ದು ಹಿಡಿಯಿತು ಎಂದು ನಾಲ್ಕನೆಯ ರಾತ್ರಿ ಕಣ್ತುಂಬ ನಿದ್ದೆ ಮಾಡಿದೆ.

ಆಸ್ಪತ್ರೆ

ಆರನೆಯ ದಿನ ಬೆಳಿಗ್ಗೆ, ತಿಂಡಿ ತಿನ್ನುವ ಮೇಜಿನಲ್ಲೇ ಅದು ಬಂತು. ಹತ್ತಿದ್ದಿಲ್ಲ, ಎತ್ತಿದ್ದಿಲ್ಲ. ಸುಮ್ಮನೆ ಕೂತಿದ್ದರು. ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು ಎದೆ ಒತ್ತಿಕೊಂಡರು. ಹತ್ತು ಕಾಳು ಇಟ್ಟೆ. ಬಿಡಲಿಲ್ಲ. ಇನ್ನೂ ಹತ್ತು ಇಟ್ಟೆ. ಬೆವರು ಅಂಗಿಯನ್ನು ನೆನೆಸಿತು. ಕೊನೆಗೆ ಪಥ್ಯ ಮುರಿದು ಬ್ಯಾಗಿನಲ್ಲಿದ್ದ ನಮ್ಮ ಪುಟ್ಟ ಮಾತ್ರೆಯನ್ನು ನಾಲಿಗೆ ಕೆಳಗೆ ತುರುಕಿದೆ. ತುಸು ಸಡಿಲಾಯಿತು, ಮತ್ತೆ ಹಿಡಿಯಿತು. ಅವರ ಬೆರಳು ನನ್ನ ಮಣಿಕಟ್ಟನ್ನು ಹಿಡಿದ ಬಿಗಿಯಲ್ಲಿ, ಬಳೆಯೊಂದು ಒಡೆದು ಕೈಗೆ ಚುಚ್ಚಿತು. ಒಡೆದ ಬಳೆ ನೋಡಿದ ಮೇಲೆ ನಾನು ನಾನಾಗಿರಲಿಲ್ಲ.

ಪೂಂಗೊಡಿ ಆಂಬುಲೆನ್ಸ್ ಕರೆದಳು. ಆಸ್ಪತ್ರೆಯಲ್ಲಿ ಅವರನ್ನು ಬಾಗಿಲೊಂದರ ಒಳಗೆ ಕರೆದೊಯ್ದು ನಮ್ಮನ್ನು ಹೊರಗೆ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಒಬ್ಬರು ಡಾಕ್ಟರು ಬಂದರು. ಐವತ್ತರ ಆಸುಪಾಸಿನ ಹೆಂಗಸು, ಗಿಡ್ಡ ಕೂದಲು, ಕನ್ನಡಕ. ಏನೋ ಕೇಳಿದರು. ಪೂಂಗೊಡಿ ತನ್ನ ಇಸ್ತ್ರಿ ತಮಿಳಿನಲ್ಲಿ ಹೇಳಿದಳು:

"ಅಮ್ಮಾ, ತಮ್ಮ ಪತಿಯವರು ಇಂದು ಮುಂಜಾನೆ ಯಾವ ಯಾವ ಔಷಧಿಗಳನ್ನು ಸೇವಿಸಿದರು ಎಂದು ವೈದ್ಯರು ವಿಚಾರಿಸುತ್ತಿದ್ದಾರೆ."

ಮಾತ್ರೆಯ ಪಟ್ಟಿ ಕೊಟ್ಟೆ. "ಎಲ್ಲಾ ಕೊಟ್ಟಿದೀನಿ," ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಪರದೇಶದಲ್ಲಿ ಗಂಡನ ಔಷಧಿ ಬದಲಿಸಿ ಕೊಟ್ಟವಳನ್ನು ಏನು ಮಾಡುತ್ತಾರೆ? ಪೊಲೀಸರನ್ನು ಕರೆಯುತ್ತಾರಾ? ಇವರನ್ನು ಒಳಗೆ, ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋದರೆ? ಡಾಕ್ಟರು ಪಟ್ಟಿ ಓದಿ, ಹುಬ್ಬು ಗಂಟಿಕ್ಕಿ, ನರ್ಸಿಗೆ ಬೇಗ ಬೇಗ ಏನೋ ಹೇಳಿದರು. ನಾನು ಪೂಂಗೊಡಿಯ ಕೈ ಹಿಡಿದು ಏನೆಂದು ಕೇಳಿದೆ.

"ಇಷ್ಟೆಲ್ಲ ಔಷಧಿಗಳನ್ನು ತಪ್ಪದೆ ಸೇವಿಸಿದ ಮೇಲೂ ಹೀಗಾಗಿದ್ದರೆ ಸ್ಟೆಂಟ್ ಮುಚ್ಚಿಕೊಂಡಿರಬಹುದು, ಈಗಲೇ ಒಳಗೆ ತಂತಿ ತೂರಿಸಿ ನೋಡಬೇಕು ಎನ್ನುತ್ತಿದ್ದಾರೆ."

ನನ್ನ ಸುಳ್ಳನ್ನು ನಂಬಿ ಅವರ ಮೈಯೊಳಗೆ ತಂತಿ ಹಾಕಲು ಹೊರಟಿದ್ದರು. ಡಾಕ್ಟರು ಬಾಗಿಲು ತಳ್ಳುತ್ತಿದ್ದರು. ನಾನು ಅವರ ಬಿಳಿ ಕೋಟಿನ ತೋಳು ಹಿಡಿದುಕೊಂಡೆ.

"ಕೊಟ್ಟಿಲ್ಲ," ಎಂದೆ. "ಎರಡ್ ದಿನದಿಂದ ಒಂದೂ ಕೊಟ್ಟಿಲ್ಲ. ನಾನೇ ನಿಲ್ಲಿಸ್ದೆ. ಅವ್ರಿಗೆ ಗೊತ್ತಿಲ್ಲ. ಹೇಳು ಪೂಂಗೊಡಿ, ಎಲ್ಲಾ ಹೇಳು."

ಅವಳು ಹೇಳುತ್ತಿದ್ದಂತೆ ಡಾಕ್ಟರ ಮುಖ ಬದಲಾಯಿತು. ಸಿಟ್ಟು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಪಟ್ಟಿಯ ಮೇಲೆ ಒಂದು ಹೆಸರಿಗೆ ಗೆರೆ ಹಾಕಿ ಒಳಗೆ ಓಡಿದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಊರಿನ ಎಲ್ಲ ದೇವರಿಗೂ ಹರಕೆ ಹೊತ್ತೆ. ಯಾವ ದೇವರಿಗೆ ಏನೆಂದು ಈಗ ನೆನಪಿಲ್ಲ.

ತಂತಿ ಹಾಕಲಿಲ್ಲ, ನಾನು ನಿಲ್ಲಿಸಿದ್ದ ಮಾತ್ರೆಗಳನ್ನು ಮತ್ತೆ ಕೊಟ್ಟೆವು, ಮಧ್ಯಾಹ್ನದ ಹೊತ್ತಿಗೆ ನೋವು ಇಳಿಯಿತು ಎಂದರು. ಪರೀಕ್ಷೆ ಮೇಲೆ ಪರೀಕ್ಷೆ ಮಾಡಿ, ಹೃದಯಾಘಾತ ಆಗಿಲ್ಲ, ಅದರ ಬಾಗಿಲವರೆಗೆ ಹೋಗಿಬಂದಿದ್ದಾರೆ ಎಂದು ಸಂಜೆ ಹೇಳಿದರು. ನಾಲ್ಕು ದಿನ ಅಲ್ಲೇ ಇರಬೇಕೆಂದರು.

ಪಕ್ಕದ ಸಾಲು

ಮರುದಿನ ಡಾಕ್ಟರು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾವೂ ಕೂತರು. ಗೆರೆ ಹಾಕಿದ ಮಾತ್ರೆ ಹೃದಯದ ಓಟವನ್ನು ನಿಧಾನ ಮಾಡುವಂಥದ್ದಂತೆ. ಅದನ್ನು ಥಟ್ಟನೆ ನಿಲ್ಲಿಸಿದರೆ ಹೃದಯ ಮೊದಲಿಗಿಂತ ಜೋರಾಗಿ ಓಡುತ್ತದೆ. ಕಿರಿದಾದ ನಾಳ, ಎತ್ತರದ ಊರು ಬೇರೆ. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು.

ಅಮ್ಮನ ಪಥ್ಯ ಹೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ. ಪೂಂಗೊಡಿ ಎರಡು ಸಲ ವಿವರಿಸಬೇಕಾಯಿತು.

"ನಮ್ಮಲ್ಲಿ ಯಾರೂ ನಿಲ್ಲಿಸುವುದಿಲ್ಲ. ಎರಡನ್ನೂ ಜೊತೆಗೆ ತೆಗೆದುಕೊಳ್ಳುತ್ತಾರೆ. ನನ್ನ ತಂದೆಯೂ ಅಷ್ಟೆ," ಎಂದರು ಡಾಕ್ಟರು. ಕೆಲವು ಬೇರುಗಳು ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಹೊಂದುವುದಿಲ್ಲ, ಅದಕ್ಕೆ ಕೇಳಿಯೇ ತಿನ್ನಬೇಕು ಎಂದೂ ಸೇರಿಸಿದರು.

"ಹಂಗಾದ್ರೆ ಆ ಕಾಳು ಕೆಲ್ಸ ಮಾಡ್ತದಾ ಇಲ್ವಾ? ಅದೊಂದು ಹೇಳ್ಬುಡಿ."

ಡಾಕ್ಟರು ನಕ್ಕರು. ಅದನ್ನು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ ಎಂದರು. ಅದರ ಮೇಲೆ ಪರೀಕ್ಷೆಗಳು ಬೇಕಾದಷ್ಟು ನಡೆದಿವೆ, ನೋವು ಕಡಿಮೆಯಾಗುತ್ತದೆ ಎಂದು ಬರೆದವರು ಬಹಳ ಮಂದಿ. ಆದರೆ ಹೆಚ್ಚಿನವು ಸಣ್ಣವು, ಬಿಗಿಯಾಗಿ ನಡೆಸಿದವಲ್ಲ. ಯಾರಿಗೆ ಯಾವ ಔಷಧಿ ಹೋಗುತ್ತಿದೆ ಎಂದು ಕೊಡುವವರಿಗೂ ಗೊತ್ತು, ತಿನ್ನುವವರಿಗೂ ಗೊತ್ತು. ಎಷ್ಟೋ ಕಡೆ ಮಾತ್ರೆಯ ಜೊತೆಗೇ ಕೊಟ್ಟಿರುತ್ತಾರೆ. ನೋವು ಕೆಲವರಿಗೆ ಇಳಿಯಬಹುದು. ಹೃದಯಾಘಾತ ತಡೆಯುತ್ತದೆ, ಆಯಸ್ಸು ಹೆಚ್ಚುತ್ತದೆ ಎಂದು ನಂಬುವಂತೆ ಇನ್ನೂ ಯಾರೂ ತೋರಿಸಿಕೊಟ್ಟಿಲ್ಲ. ಮಾತ್ರೆಯ ಬದಲಿಗೆ ಅದೊಂದನ್ನೇ ಕೊಡಿ ಎಂದು ತಾವಂತೂ ಹೇಳುವುದಿಲ್ಲ.

ನನಗೆ ಇದು ಚೆನ್ನಾಗಿ ಅರ್ಥವಾಯಿತು, ಅದೂ ನಾಚಿಕೆಯಾಗುವಷ್ಟು. ನಮ್ಮ ತೋಟಕ್ಕೆ ಏಜೆಂಟರು ಹೊಸ ಔಷಧಿ ತಂದರೆ ನಮ್ಮವರು ಒಂದು ಸಾಲಿಗೆ ಹೊಡೆದು ಪಕ್ಕದ ಸಾಲನ್ನು ಹಾಗೇ ಬಿಡುತ್ತಾರೆ. ಎರಡಕ್ಕೂ ಒಂದೇ ನೀರು, ಒಂದೇ ಗೊಬ್ಬರ. ಹದಿನೈದು ದಿನ ನೋಡಿ, ಎರಡೂ ಸಾಲು ಒಂದೇ ಥರ ಇದ್ದರೆ ಏಜೆಂಟನಿಗೆ ಕಾಫಿ ಕೊಟ್ಟು ಕಳಿಸುತ್ತಾರೆ. ಗುಲಾಬಿ ಗಿಡಕ್ಕೆ ನಾವು ಅಷ್ಟು ಎಚ್ಚರ ಮಾಡುತ್ತೇವೆ. ಗಂಡನ ಎದೆಗೆ ನಾನು ಒಂದು ಸಲದ ನೋವು, ಒಂದು ಸಲದ ಕಾಳು ನೋಡಿ ತೀರ್ಮಾನ ಮಾಡಿದ್ದೆ. ಅಮ್ಮನ ಬಾಗಿಲಲ್ಲಿ ಕೂತವರಲ್ಲಿ ಮದ್ದಿಲ್ಲದೆಯೇ ವಾಸಿಯಾಗುತ್ತಿದ್ದವರು ಎಷ್ಟು ಮಂದಿ ಇದ್ದರೋ, ಯಾರು ನೋಡಿದರು?

ಆ ಸಂಜೆ ತೋಟದ ಅಜ್ಜಿ ಗಂಜಿ ಹೊತ್ತು ಬಂದಳು. ಪೂಂಗೊಡಿ ನಡೆದದ್ದು ಹೇಳಿದ್ದೇ ತಡ, ಅಜ್ಜಿ ನನ್ನನ್ನು ಒಂದು ಥರ ನೋಡಿ, ಏಪ್ರನ್ ಜೇಬಿಗೆ ಕೈ ಹಾಕಿದಳು. ಸೋರೆಬುರುಡೆ ಸೀಸೆಯ ಜೊತೆಗೆ ಮಾತ್ರೆಯ ಎರಡು ಹಾಳೆ ಹೊರಗೆ ಬಂದವು. ಬೆಳಿಗ್ಗೆ ತಿಂದ ಮಾತ್ರೆಗಳ ಗುಳಿಗಳು ಖಾಲಿಯಿದ್ದವು. ಜೋರಾಗಿ ಏನೋ ಅಂದಳು.

"ನಿಲ್ಲಿಸು ಎಂದು ನಿನಗೆ ಯಾರು ಹೇಳಿದರು ಎಂದು ಕೇಳುತ್ತಿದ್ದಾರೆ," ಎಂದಳು ಪೂಂಗೊಡಿ.

ನಮ್ಮಮ್ಮ ಎಂದೆ. ಅಜ್ಜಿ ನನ್ನ ಬೆನ್ನು ಸವರಿದಳು.

ಗುಂಪು ಮರುದಿನ ಊರಿಗೆ ಹೊರಡುವುದಿತ್ತು. ವೆಂಕಟೇಶಪ್ಪ ಹೇಳಿಹೋಗಲು ಬಂದ. ಚೀಲದಲ್ಲಿ ಸೀಸೆಗಳು ಸದ್ದು ಮಾಡುತ್ತಿದ್ದವು. ಅವನಿಗೂ ಎಲ್ಲ ಹೇಳಿದೆ. ಅವನ ಮುಖದ ನಗೆ ಹೋಯಿತು.

"ಅಮ್ಮೋ! ಹಂಗಾರೆ ಇವನ್ನ ಎಸ್ದುಬುಡ್ಲಾ ಅಕ್ಕಾ?"

"ಅದು ನಿಮ್ ಡಾಕ್ಟ್ರನ್ನ ಕೇಳು. ಆದ್ರೆ ನಿನ್ ಬಾಮೈದಂಗೆ ಮಾತ್ರೆ ಬಿಡಿಸಿ ಇದನ್ನ ಕೊಟ್ರೆ ನಾನೇ ಬೇರಿಗೆಗೆ ಬಂದು ಜಗಳ ಆಡ್ತೀನಿ."

ಅತ್ತಿಬೆಲೆ

ನಾಲ್ಕು ದಿನವೂ ನಮ್ಮವರಿಗೆ ನಾನು ಹೇಳಲಿಲ್ಲ. ಡಾಕ್ಟರಿಗೆ ಹೇಳಿದೆ, ಅಜ್ಜಿಗೆ ಹೇಳಿದೆ, ವೆಂಕಟೇಶಪ್ಪನಿಗೂ ಹೇಳಿದೆ. ಅವರೊಬ್ಬರಿಗೆ ಹೇಳಲು ಬಾಯಿ ಬರಲಿಲ್ಲ. ಅವರೂ ಕೇಳಲಿಲ್ಲ. ವಿಮಾನದಲ್ಲಿ ಎರಡು ಸಲ "ರೀ" ಎಂದು ಶುರು ಮಾಡಿ, ನೀರು ಬೇಕಾ ಎಂದು ಕೇಳಿ ಮುಗಿಸಿದೆ. ಇನ್ನು ಮೇಲೆ ನನ್ನ ಕೈಯಿಂದ ಒಂದು ಲೋಟ ನೀರನ್ನೂ ಅನುಮಾನದಿಂದ ತೆಗೆದುಕೊಳ್ಳುತ್ತಾರೆ ಎಂಬ ಹೆದರಿಕೆ, ಅವರ ಎದೆಯ ಹೆದರಿಕೆಗಿಂತ ಬೇರೆ ಥರದ್ದು.

ಬೆಂಗಳೂರಿನಲ್ಲಿ ಇಳಿದು ಬಾಡಿಗೆ ಕಾರು ಹಿಡಿದೆವು. ಅತ್ತಿಬೆಲೆ ಹತ್ತಿರ ಲಾರಿಗಳ ಸಾಲಿನಲ್ಲಿ ಕಾರು ನಿಂತಿತು. ಇನ್ನು ಸ್ವಲ್ಪ ಹೊತ್ತಿಗೆ ಹೊಸೂರು, ಆಮೇಲೆ ಮನೆ, ಮನೆ ತುಂಬ ನೋಡಲು ಬಂದ ಜನ. ಈಗಲ್ಲದಿದ್ದರೆ ಹೇಳುವುದೇ ಇಲ್ಲ ಅನ್ನಿಸಿತು.

"ರೀ, ನಿಮ್ ಮಾತ್ರೆ ನಾನು ನಿಲ್ಸಿದ್ದೆ. ನನ್ ಮಾತ್ರೆ ಕೊಟ್ಟಿದ್ದೆ. ಅದ್ಕೇ ಅಂಗಾಯ್ತು."

ಅವರು ಕಿಟಕಿಯ ಆಚೆ ನೋಡುತ್ತಲೇ ಇದ್ದರು. "ಗೊತ್ತು," ಎಂದರು.

"ಯಾರ್ ಹೇಳಿದ್ರು?"

"ಯಾರ್ ಹೇಳ್ಬೇಕು? ದಿನಾ ತಿನ್ನೋ ಮಾತ್ರೆ ನಾಲ್ಗೆಗೆ ಗೊತ್ತಾಗಲ್ವಾ? ಮೊದಲ್ನೇ ದಿನ ಕೊಟ್ಯಲ್ಲ, ಅದು ದಪ್ಪಗೆ, ಸುಣ್ಣದಂಗಿತ್ತು."

ನಾನು ಅವರ ಕಡೆ ತಿರುಗಿ ಕೂತೆ. "ಗೊತ್ತಿದ್ದೂ ನುಂಗಿದ್ರಾ? ಯಾಕೆ ಕೇಳ್ಲಿಲ್ಲ?"

"ಆ ತೋಟದಿಂದ ಬಂದ್ಮೇಲೆ ನೀನು ಎರಡ್ ರಾತ್ರಿ ಕುಂತೇ ಇದ್ದೆ. ಒಂದ್ ತುತ್ತು ಇಳೀತಿರ್ಲಿಲ್ಲ ನಿಂಗೆ. ಆ ಕಾಳು ಕೊಟ್ಟಿದ್ ದಿನ ಉಂಡೆ, ಮಲಕ್ಕೊಂಡೆ. ಎರಡ್ ದಿನ ತಾನೇ, ಇವ್ಳಿಗೆ ಧೈರ್ಯ ಬರ್ಲಿ ಅಂತ ಸುಮ್ಕಾದೆ."

ಮೂವತ್ತಾರು ವರ್ಷದಲ್ಲಿ ಅವರು ಅಷ್ಟು ಉದ್ದ ಮಾತಾಡಿದ್ದು ನನಗೆ ನೆನಪಿಲ್ಲ. ಡ್ರೈವರನಿಗೆ ಕಾರು ಬದಿಗೆ ಹಾಕಲು ಹೇಳಿದೆ. ಇಳಿದು, ಆ ಲಾರಿಗಳ ಗದ್ದಲದಲ್ಲಿ, ಕಿಟಕಿಗೆ ಬಗ್ಗಿ ಅವರನ್ನು ಬೈದೆ. ನನ್ನ ನಿದ್ದೆಗೋಸ್ಕರ ಸಾಯಲು ಹೊರಟಿದ್ರಾ, ನಾನು ತಪ್ಪು ಮಾಡಿದರೆ ಕೈ ಹಿಡಿಯೋದಕ್ಕೆ ತಾನೇ ನೀವಿರೋದು ಎಂದು ಕೂಗಾಡಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಡ್ರೈವರು ಕನ್ನಡಿಯಲ್ಲಿ ನೋಡಬಾರದೆಂದು ಫೋನು ನೋಡುತ್ತಿದ್ದ.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ನಾನು ಮೂಗು ಒರೆಸಿಕೊಳ್ಳುವವರೆಗೆ ಕಾದು, ಕಿಟಕಿಯಿಂದ ಅಂಗೈ ಚಾಚಿದರು.

"ಸಂಜೆ ಮಾತ್ರೆ ಹೊತ್ತಾಯ್ತು. ಕೊಡು."

ಬ್ಯಾಗಿನಿಂದ ಹಾಳೆ ತೆಗೆದೆ. ಒಂದು ಮಾತ್ರೆ ಬಿಡಿಸಲು ಹೋಗಿ ನಿಲ್ಲಿಸಿದೆ. ಪೂರ್ತಿ ಹಾಳೆಗಳನ್ನೇ ಅವರ ಕೈಗೆ ಹಾಕಿ, "ನೀವೇ ನೋಡಿ ತಗೊಳ್ರೀ," ಎಂದೆ.

ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಹಾಳೆಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ, ಆ ಮಾತ್ರೆಯ ಹೆಸರನ್ನು ನನಗೆ ಕೇಳುವಂತೆ ಗಟ್ಟಿಯಾಗಿ ಓದಿದರು.